ಹದ್ದಿನ ಹೊಸ ಪ್ರೊಸೆಸರ್

ಪ್ರಪಂಚದಲ್ಲಿ ಯಾರನ್ನು ಕಂಡರೆ ಆಗುವುದಿಲ್ಲ ಎಂದು ಕೇಳಿದರೆ ಕನ್ನಡಕದಂಗಡಿಯವನು ಯೋಚಿಸದೆ ಹೇಳುತ್ತಿದ್ದ: 'ಎರಡೂ ಒಂದೇ ಥರ ಕಾಣ್ತವೆ' ಅನ್ನುವವರನ್ನು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತ 'ಇದಾ, ಇದಾ?' ಎಂದು ಕೇಳುವುದೇ ಅವನ ಕಸುಬು. ಇಷ್ಟು ಸುಲಭದ ಪ್ರಶ್ನೆಗೆ ಜನ ಯಾಕೆ ಮೀನಮೇಷ ಎಣಿಸುತ್ತಾರೋ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವನೇ ಈಗ ಕಂಪ್ಯೂಟರಿನ ಎರಡು ಪ್ರೊಸೆಸರ್‌ಗಳ ನಡುವೆ ಸಿಕ್ಕಿಕೊಂಡು ವಾರಗಟ್ಟಲೆ ಒದ್ದಾಡುತ್ತಿದ್ದ. ನಗಬಾರದು ಅಂದುಕೊಂಡರೂ ನಗು ಬರುತ್ತದೆ.

ಇದಕ್ಕೆಲ್ಲ ಮೂಲ ಶನಿವಾರದ ಆಟ. ಅವನು, ಬಸ್ ಓಡಿಸುವ ಅವನ ತಂಗಿ, ಅವಳ ಡಿಪೋದ ಇಬ್ಬರು ಮೆಕ್ಯಾನಿಕ್‌ಗಳು, ಹೀಗೆ ನಾಲ್ವರ ತಂಡ. ಶನಿವಾರ ಸಂಜೆ ತಂತಮ್ಮ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪಾಳುಬಿದ್ದ ಕಾರ್ಖಾನೆಯೊಂದರಲ್ಲಿ ಅಡಗಿದ ಎದುರಾಳಿಗಳನ್ನು ಹುಡುಕಿ ಹೊಡೆಯಬೇಕು. ಅದರಲ್ಲಿ ಇವನದು ಕಾವಲಿನ ಕೆಲಸ. ಎಲ್ಲರಿಗಿಂತ ಮೊದಲು ನೋಡಬೇಕು, ಎಲ್ಲಿ ಯಾರಿದ್ದಾರೆಂದು ಕೂಗಬೇಕು. ಅದಕ್ಕೇ ತಂಡದಲ್ಲಿ ಅವನ ಹೆಸರು ಹದ್ದು. ಚಿಕ್ಕಂದಿನಿಂದ ದೂರದ್ದು ಕಾಣದೆ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಐವತ್ತರ ಹೊಸ್ತಿಲಿಗೆ ಬಂದ ಮನುಷ್ಯನನ್ನು ಬೇರೆ ಯಾರು ಹದ್ದು ಅಂತ ಕರೆಯುತ್ತಾರೆ? ಆ ಹೆಸರೆಂದರೆ ಅವನಿಗೆ ಪ್ರಾಣ.

ಆದರೆ ಇತ್ತೀಚೆಗೆ ಹದ್ದು ನೋಡುವ ಮೊದಲೇ ಗುಂಡು ಬಂದು ಬೀಳುತ್ತಿತ್ತು. 'ಕಂಪ್ಯೂಟರ್ ಮುದಿಯಾಗಿದೆ, ಚಿತ್ರ ತಡವರಿಸುತ್ತೆ' ಎಂದು ಪ್ರತಿಸಲ ಅದೇ ಸಬೂಬು. ಕೇಳಿ ಕೇಳಿ ತಂಗಿಗೆ ಸಾಕಾಯಿತು.

"ಅಣ್ಣ, ನಮ್ಮ ತಂಡದ ಪಂದ್ಯ ಹತ್ರ ಬಂತು. ಒಂದೋ ಹೊಸ ಕಂಪ್ಯೂಟರ್ ಮಾಡಿಸ್ಕೋ, ಇಲ್ಲಾಂದ್ರೆ ಜಾಗ ಬಿಡು. ನಿನ್ನ ಜಾಗಕ್ಕೆ ನಮ್ಮ ಕಂಡಕ್ಟರ್ ಒಬ್ಬ ತುದಿಗಾಲಲ್ಲಿ ನಿಂತಿದ್ದಾನೆ," ಎಂದಳು.

ತನ್ನ ಜಾಗಕ್ಕೆ ಇನ್ನೊಬ್ಬ! ಮರುದಿನವೇ ಕಂಪ್ಯೂಟರ್ ಅಂಗಡಿಗೆ ಓಡಿದ. ಅಲ್ಲಿನ ಮೀಸೆಯವನು ಸಾವಧಾನವಾಗಿ ವಿಚಾರಿಸಿದ.

"ಈಗಿರೋದ್ರಲ್ಲಿ ಏನ್ ಸರ್ ತೊಂದ್ರೆ?"

"ಕೀಬೋರ್ಡ್ ನೋಡಿ ತಲೆ ಎತ್ತಿದ್ರೆ ಚಿತ್ರ ಮಸುಕು. ಒಂದು ಗಳಿಗೆ ಬಿಟ್ಟು ತಾನೇ ಸರಿಹೋಗುತ್ತೆ. ಅಷ್ಟರೊಳಗೆ ನಾನು ಸತ್ತಿರ್ತೀನಿ."

"ಹಾಗಾದ್ರೆ ಪ್ರೊಸೆಸರೇ," ಎಂದ ಮೀಸೆಯವನು. ಮಾರುವವನು ಇನ್ನೇನು ಹೇಳುತ್ತಾನೆ? ಎರಡು ಡಬ್ಬಿಗಳನ್ನು ತಂದು ಮುಂದಿಟ್ಟ. "ಇದ್ರಲ್ಲಿ ಹನ್ನೆರಡು ಕೋರ್. ಅಂದ್ರೆ ಕೆಲಸಕ್ಕೆ ಹನ್ನೆರಡು ಜನ ಇದ್ದಂಗೆ. ಇದ್ರಲ್ಲಿ ಎಂಟೇ ಜನ, ಆದ್ರೆ ಕ್ಯಾಶ್ ಮೆಮೊರಿ ದೊಡ್ಡದು. ಬೇಕಾದ್ದೆಲ್ಲಾ ಮೇಜಿನ ಖಾನೇಲೇ ಇರುತ್ತೆ, ಗೋಡೌನಿಗೆ ಓಡೋದು ತಪ್ಪುತ್ತೆ. ಬರೀ ಆಟಕ್ಕಾದ್ರೆ ಎಂಟರದ್ದು ಸಾಕು. ಆದ್ರೆ ಮುಂದಕ್ಕೂ ಬರಬೇಕು ಅಂದ್ರೆ ಹನ್ನೆರಡರದ್ದು."

"ಯಾವುದಾದ್ರೂ ಒಂದು ಹೇಳ್ರೀ!"

"ಎರಡೂ ಒಂದೇ ಥರ ಸರ್. ನಿಮ್ಮಿಷ್ಟ."

ಒಂದೇ ಥರ! ಕನ್ನಡಕದವನು ಹಲ್ಲು ಕಡಿಯುತ್ತ ಮನೆಗೆ ಬಂದ.

ಅಲ್ಲಿಂದ ಶುರುವಾಯಿತು ರಾಮಾಯಣ. ಮೊಬೈಲಿನಲ್ಲಿ ಒಬ್ಬ ಪಂಡಿತ ಬಣ್ಣದ ಪಟ್ಟಿ ತೋರಿಸಿ ಎಂಟರದ್ದೇ ಗೆದ್ದಿತು ಅನ್ನುತ್ತಿದ್ದ. ಇನ್ನೊಬ್ಬ ಅಷ್ಟೇ ಉದ್ದದ ಪಟ್ಟಿ ತೋರಿಸಿ ಅದನ್ನು ಕೊಳ್ಳುವವನು ಮೂರ್ಖ ಅನ್ನುತ್ತಿದ್ದ. ಡಿಪೋದ ಒಬ್ಬ ಮೆಕ್ಯಾನಿಕ್ ಹನ್ನೆರಡು ಅಂದ, ಇನ್ನೊಬ್ಬ 'ಸ್ವಲ್ಪ ಕಾಯಿ, ಇನ್ನೂ ಹೊಸದು ಬರುತ್ತೆ' ಎಂದು ತಲೆಗೆ ಹುಳ ಬಿಟ್ಟ. ಪ್ರೊಸೆಸರ್ ಕೂರುವ ಹಲಗೆ, ಅಂದರೆ ಮದರ್‌ಬೋರ್ಡ್, ಎಂಟಕ್ಕೆ ಒಂದು, ಹನ್ನೆರಡಕ್ಕೆ ಬೇರೆ. ಒಂದಕ್ಕೆ ಕೂರುವುದು ಇನ್ನೊಂದಕ್ಕೆ ಕೂರದು. ಅಂದರೆ ಆರಿಸಿದ ಮೇಲೆ ಮುಗಿಯಿತು, ಹಿಂದೆ ಸರಿಯುವ ಹಾಗಿಲ್ಲ. ಅಳೆದೂ ಸುರಿದೂ ಅವನ ತಲೆ ಚಿಟ್ಟು ಹಿಡಿಯಿತು. ಗಾಜು ಉಜ್ಜುವ ಯಂತ್ರದ ಮುಂದೆ ನಿಂತಾಗಲೂ ಕೋರ್, ಊಟಕ್ಕೆ ಕೂತಾಗಲೂ ಕ್ಯಾಶ್. ದುಂಡಗಿನ ಚೌಕಟ್ಟಿನ ಗಾಜನ್ನು ಚೌಕಾಕಾರಕ್ಕೆ ಕತ್ತರಿಸಿ ಹಾಳುಮಾಡಿದ ದಿನ, ಅಂಗಡಿಯ ಗಲ್ಲಾದಲ್ಲಿ ಕೂರುವ ಹೆಂಡತಿಗೂ ರೇಗಿತು.

"ರೀ, ನನ್ನನ್ನ ನೋಡೋಕೆ ಬಂದಾಗ ಕಾಫಿ ಆರೋದ್ರೊಳಗೆ ಒಪ್ಕೊಂಡ್ರಿ. ಈ ಬೆಂಕಿಪೆಟ್ಟಿಗೆಯಷ್ಟೂ ಇಲ್ಲದ ತುಂಡಿಗೆ ಇಷ್ಟು ಯೋಚ್ನೇನಾ?"

"ನಿನಗೇನು ಗೊತ್ತು ಸುಮ್ನಿರು," ಎಂದು ಅವಳ ಮೇಲೆ ಹರಿಹಾಯ್ದ. ಅಷ್ಟರಲ್ಲಿ ಶಾಲೆಯ ಟೀಚರೊಬ್ಬರು ಬಂದರು. ಪುಸ್ತಕ ನೋಡಿ ತಲೆ ಎತ್ತಿದರೆ ಮಕ್ಕಳ ಮುಖ ಮಸುಕಂತೆ, ತುಸು ಹೊತ್ತಿಗೆ ಸರಿಹೋಗುತ್ತದಂತೆ. ಕನ್ನಡಕದವನಿಗೆ ಇದೆಲ್ಲ ಬಾಯಿಪಾಠ. ನಲವತ್ತು ದಾಟಿದವರ ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳಲು ಸೋಮಾರಿಯಾಗುವ ಚಾಳೀಸು. "ಮುಪ್ಪು ಬಾಗಿಲಿಗೆ ಬಂದು ನಿಂತಿದೆ ಮೇಡಂ, ಒಳಗೆ ಕರೀರಿ!" ಎಂದು ತನ್ನ ಹಳೆಯ ತಮಾಷೆ ಮಾಡಿ ನಕ್ಕ. ಟೀಚರ್ ನಗಲಿಲ್ಲ. ಅವರು ಹೋದ ಮೇಲೆ ತನ್ನ ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಿಗೆ ಹತ್ತಿರ ಹಿಡಿದು, ಚೌಕಟ್ಟೊಂದರ ಸಾಸಿವೆಯಂಥ ತಿರುಪು ಬಿಗಿದ. ಹತ್ತಿರದ ಕೆಲಸಕ್ಕೆ ತನ್ನ ಬರಿಗಣ್ಣೇ ಸಾಕು ಎಂಬ ಜಂಬ ಅವನಿಗೆ.

ಕೊನೆಗೆ ಪಂದ್ಯಕ್ಕೆ ಒಂದೇ ವಾರ ಉಳಿಯಿತು ಅನ್ನುವಾಗ ಕಣ್ಣು ಮುಚ್ಚಿಕೊಂಡು ಎಂಟರದ್ದನ್ನೇ ತಂದ. ಮೀಸೆಯವನು ಮನೆಗೇ ಬಂದು ಎಲ್ಲ ಜೋಡಿಸಿಕೊಟ್ಟು ಹೋದ. ಪಂದ್ಯಕ್ಕೆ ಮುಂಚಿನ ಶನಿವಾರ ಸಂಜೆ ಹದ್ದು ಹೊಸ ರೆಕ್ಕೆ ಬಿಚ್ಚಿಕೊಂಡು ಕೂತಿತು.

ಆಟ ಶುರುವಾಗಿ ಕುರ್ಚಿ ಬೆಚ್ಚಗಾಗುವ ಮೊದಲೇ ಸತ್ತ. ಎರಡನೆಯ ಸಲವೂ ಸತ್ತ. ಮೂರನೆಯ ಸಲ ಯಾರು ಎಲ್ಲಿಂದ ಹೊಡೆದರು ಅನ್ನುವುದೂ ತಿಳಿಯಲಿಲ್ಲ. ಹೆಡ್‌ಫೋನಿನಲ್ಲಿ ಮೆಕ್ಯಾನಿಕ್‌ಗಳು 'ಇರ್ಲಿ ಬಿಡಿ' ಎಂದು ಸಮಾಧಾನ ಹೇಳಿದರು. ಅದಕ್ಕಿಂತ ನಾಲ್ಕು ಬೈಗುಳ ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ತಂಗಿ ಬಂದಳು. ಬಸ್ಸಿನ ಖಾಕಿಯಲ್ಲೇ ಇದ್ದಳು.

"ಹನ್ನೆರಡರದ್ದೇ ತಗೋಬೇಕಿತ್ತು!" ಎಂದು ಅವನು ಬಾಗಿಲಲ್ಲೇ ಕೂಗಾಡಿದ. "ಆ ಮೀಸೆಯವನು ನನ್ನ ತಲೆಗೆ ಟೋಪಿ ಹಾಕ್ದ. ಪೂರ್ತಿ ಬದಲಾಯಿಸ್ಬೇಕು ಈಗ!"

ತಂಗಿ ಅವನ ಕುರ್ಚಿಯಲ್ಲಿ ಕೂತು ಆಡಿದಳು. ಎದುರಾಳಿಗಳು ತರಗೆಲೆಗಳ ಹಾಗೆ ಉದುರಿದರು.

"ಅಣ್ಣ, ಇದು ನನ್ನದಕ್ಕಿಂತ ಚೆನ್ನಾಗಿ ಓಡ್ತಿದೆ," ಎಂದು ಎದ್ದಳು. "ಎಲ್ಲಿ, ನೀನು ಕೂತ್ಕೋ. ಪರದೆ ಮೂಲೇಲಿ ಎಷ್ಟು ಗುಂಡು ಉಳಿದಿದೆ ಅಂತ ಬರ್ದಿದೆ?"

ಅವನು ಕೂತ. ಕುರ್ಚಿಯನ್ನು ತುಸು ಹಿಂದಕ್ಕೆ ತಳ್ಳಿದ. ಗದ್ದ ಎತ್ತಿದ. ಕುತ್ತಿಗೆಯನ್ನು ಇನ್ನಷ್ಟು ಹಿಂದಕ್ಕೆಳೆದುಕೊಂಡ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ನೋಡಿದಳು. ಪೇಪರನ್ನು ಮಾರು ದೂರ ಹಿಡಿದು ಓದುವ ಗಿರಾಕಿಗಳನ್ನು ಮದುವೆಯಾದಾಗಿನಿಂದ ನೋಡುತ್ತ ಬಂದವಳು. ಕೆಳಗಿನ ಅಂಗಡಿಗೆ ಹೋಗಿ, ಪರೀಕ್ಷೆಯ ಗಾಜಿನ ಪೆಟ್ಟಿಗೆ ಹಿಡಿದು ಬಂದಳು. ಒಂದು ಗಾಜನ್ನು ಎತ್ತಿ ಅವನ ಕನ್ನಡಕದ ಮುಂದೆ ಹಿಡಿದಳು.

"ಇದಾ?" ಗಾಜು ತೆಗೆದಳು. "ಇದಾ?"

ಗಾಜು ಮುಂದಿದ್ದಾಗ ಮೂಲೆಯ ಅಂಕಿಗಳು ಒಂದೊಂದೂ ನೆಟ್ಟಗೆ ನಿಂತಿದ್ದವು. ಕಾರ್ಖಾನೆಯ ಗೋಡೆಗೆ ಇಟ್ಟಿಗೆಗಳಿದ್ದವು. ಇಟ್ಟಿಗೆ! ಅದು ಬರೀ ಬೂದು ಬಳಿದ ಗೋಡೆ ಎಂದು ಅವನು ನಂಬಿದ್ದ. ತಂಗಿ ನೋಡುತ್ತಿದ್ದಳು, ಹೆಂಡತಿ ನೋಡುತ್ತಿದ್ದಳು. ಟೀಚರಿಗೆ ಹೇಳಿದ ತಮಾಷೆ ತಿರುಗಿ ಬಂದು ಮುಖಕ್ಕೇ ಬಡಿದಿತ್ತು, ಹೆದರಿಕೆಯೂ ಆಗಿತ್ತು.

"ಎರಡೂ ಒಂದೇ ಥರ," ಎಂದ.

ಹೆಂಡತಿ ಬೇಕಿದ್ದರೆ ಆಗ ನಗಬಹುದಿತ್ತು. ನಗಲಿಲ್ಲ. "ಸರಿ," ಎಂದು ಗಾಜನ್ನು ಪೆಟ್ಟಿಗೆಯೊಳಗೆ ಇಡಲು ಹೋದಳು. ಅವನು ಅವಳ ಮಣಿಕಟ್ಟು ಹಿಡಿದ.

"ಇನ್ನೊಂದ್ಸಲ ಹಿಡಿ," ಎಂದ, ಅವಳ ಮುಖ ನೋಡದೆ.

ಹೆಂಡತಿ ಮತ್ತೆ ಗಾಜು ಹಿಡಿದಳು. ತಂಗಿ ಬಗ್ಗಿ ಹೊಸ ಆಟ ಒತ್ತಿದಳು. ಕಾರ್ಖಾನೆಯ ಅಂಗಳ ಪರದೆಯ ತುಂಬ ತೆರೆದುಕೊಂಡಿತು.

"ಹೇಳು ಹದ್ದು," ಎಂದಳು, "ಎಲ್ಲಿದ್ದಾರೆ?"

"ಎರಡನೇ ಮಹಡಿ ಕಿಟಕೀಲಿ ಒಬ್ಬ. ಕೆಳಗೆ ಡ್ರಮ್ಮಿನ ಹಿಂದೆ ಇನ್ನೊಬ್ಬ," ಎಂದ. ಆಮೇಲೆ ಮೇಜಿಗೆ ಗುದ್ದಿದ. "ಥೂ, ಇಷ್ಟು ದಿನ ಅಲ್ಲೇ ನಿಂತು ಹೊಡೀತಿದ್ರಲ್ಲೇ!"