ಪೂಜೆಗಿಟ್ಟ ಲ್ಯಾಪ್‌ಟಾಪ್

ನೋಡಿದ್ದೆನೆ? 'ಅದೆಲ್ಲಾ ನೋಡೇನಿ' ಎಂದು ಮನೆಗೆ ನೆಟ್ ಹಾಕಿಕೊಟ್ಟ ಜಾವೀದನಿಗೆ ಫೋನಿನಲ್ಲಿ ಹೇಳಿಬಿಟ್ಟೆನಲ್ಲ, ನಿಜವಾಗಿ ನೋಡಿದ್ದೆನೆ? ಫೋನನ್ನು ಕಿಸೆಗೆ ಹಾಕಿಕೊಳ್ಳುತ್ತ ಅಮರೇಶ ಟೇಬಲ್ಲಿನ ಮೇಲಿದ್ದ ಲ್ಯಾಪ್‌ಟಾಪನ್ನು ದಿಟ್ಟಿಸಿದ. ಹಳೆಯ ಲ್ಯಾಪ್‌ಟಾಪುಗಳ ಮುಂದಿನ ಅಂಚಿನಲ್ಲಿ ವೈಫೈಗೆಂದೇ ಒಂದು ಸಣ್ಣ ಸ್ವಿಚ್ ಇರುತ್ತದಂತೆ, ಅದೇನಾದರೂ ಸರಿದಿದೆಯೇ ನೋಡಿ ಎಂದಿದ್ದ ಜಾವೀದ. ನಾಲ್ಕು ವರ್ಷದ ಹಿಂದೆ ಹಳೆಯದನ್ನೇ ಕೊಂಡು ತಂದ ಯಂತ್ರದಲ್ಲಿ ಅಂಥದೊಂದು ಸ್ವಿಚ್ಚನ್ನು ಅವನು ಕಂಡಿರಲಿಲ್ಲ. ಕಂಡಿರಲಿಲ್ಲ ಎಂದರೆ ಇಲ್ಲ ಎಂದು ಅರ್ಥವೆ? ಬಗ್ಗಿ ನೋಡಿದರೆ ಒಂದು ಕ್ಷಣದ ಕೆಲಸ. ಆದರೆ ಬಾಗಿಲಲ್ಲಿ ಹೆಂಡತಿ ಉಮಾಶ್ರೀ ನಿಂತಿದ್ದಳು.

"ಏನಂದಾನ್ರಿ ಜಾವೀದಣ್ಣ?"

"ಅವನ ಲೈನಿನ್ಯಾಗ ಏನೋ ಆಗೇತಿ. ಬರ್ತಾನಂತ."

"ಯಾವಾಗ? ಹತ್ತೂವರಿ ಆತ್ರಿ."

"ಅಮರಗೋಳದಾಗ ಯಾವುದೋ ಕಂಬಾ ಹತ್ತಾಕತ್ತಾನ. ಇಳದ ಕೂಡ್ಲೆ ಬರ್ತಾನ. ನೀ ಹೋಗಿ ತಯಾರಾಗು."

ಲೈನಿನ ಮಾತನ್ನು ಜಾವೀದ ಆಡಿರಲಿಲ್ಲ, ಆಡಿದವನು ಅಮರೇಶನೇ. ಆದರೆ ಗಟ್ಟಿಯಾಗಿ ಒಮ್ಮೆ ಹೇಳಿದ ಮೇಲೆ ಅದು ಅವನ ಕಿವಿಗೇ ನಿಜವೆನ್ನುವಂತೆ ಕೇಳಿಸಿತು.

ಹನ್ನೊಂದಕ್ಕೆ ಉಮಾಶ್ರೀಯ ಪಾಠವಿತ್ತು. ಹೆಬ್ಬಳ್ಳಿಯ ದಾರಿಯಲ್ಲಿರುವ ಒಂದು ವಸತಿ ಶಾಲೆಗೆ ಕನ್ನಡದ ಶಿಕ್ಷಕಿ ಬೇಕಾಗಿದ್ದರು. ಆಯ್ಕೆ ಮಾಡುವವರು ಮೂರು ಬೇರೆ ಬೇರೆ ಊರಿನವರಾದ್ದರಿಂದ ಪಾಠವನ್ನು ಕಂಪ್ಯೂಟರಿನಲ್ಲೇ ನೋಡುವವರಿದ್ದರು. ಇಪ್ಪತ್ತು ನಿಮಿಷ, ಎರಡನೆಯ ತರಗತಿಯ ಮಕ್ಕಳು ಎದುರಿಗಿದ್ದಾರೆಂದು ತಿಳಿದು ಕಲಿಸಬೇಕು. ನಲವತ್ತು ತುಂಬಿದವರು ಅರ್ಜಿ ಹಾಕುವಂತಿರಲಿಲ್ಲ. ಉಮಾಶ್ರೀಗೆ ಡಿಸೆಂಬರಿಗೆ ನಲವತ್ತು. ಮೊದಲು ಆರು ವರ್ಷ ಅವಳು ಖಾಸಗಿ ಶಾಲೆಯೊಂದರಲ್ಲಿ ಕಲಿಸಿದ್ದಳು. ಅಮರೇಶನ ತಾಯಿ ಲಕ್ವ ಹೊಡೆದು ಮಲಗಿದಾಗ ಬಿಟ್ಟಳು. ಬಿಡು ಎಂದು ಅವನು ಹೇಳಿರಲಿಲ್ಲ. ಬಿಡಬೇಡ ಎಂದೂ ಹೇಳಿರಲಿಲ್ಲ. ಎಂಟು ವರ್ಷ ಅತ್ತೆಯ ಬಾಯಿಗೆ ಗಂಜಿ ಹಾಕಿದಳು, ಮಗ್ಗುಲು ಹೊರಳಿಸಿದಳು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಒಂದು ದಿನ ಟ್ರಂಕಿನಿಂದ ತನ್ನ ಸರ್ಟಿಫಿಕೇಟುಗಳನ್ನು ತೆಗೆದು ಬಿಸಿಲಿಗೆ ಹರವಿದ್ದಳು.

ಫೋನಿನಲ್ಲಿ ಪಾಠಕ್ಕೆ ಸೇರುವ ಹಾಗಿರಲಿಲ್ಲ. ಒತ್ತಿದರೆ, ಕಂಪ್ಯೂಟರಿನಲ್ಲಿ ತೆರೆಯಿರಿ ಎಂದು ಬರುತ್ತಿತ್ತು. ಕೆಳಗಿನ ಬಾಡಿಗೆಯವರು ದಸರೆಗೆಂದು ಊರಿಗೆ ಹೋಗಿದ್ದರು. ಲ್ಯಾಪ್‌ಟಾಪ್ ಕೇಳಬಹುದಾದ ಬೇರೆ ಮನೆ ಬೈರಿದೇವರಕೊಪ್ಪದ ಆ ಓಣಿಯಲ್ಲಿ ಇರಲಿಲ್ಲ. ಹತ್ತು ಗಂಟೆಗೇ ಲ್ಯಾಪ್‌ಟಾಪು ತೆರೆದಾಗ ವೈಫೈ ಗುರುತಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಅಮರೇಶ ರೌಟರನ್ನು ಆರಿಸಿ ಮೂವತ್ತು ಎಣಿಸಿ ಹಚ್ಚಿದ. ಲ್ಯಾಪ್‌ಟಾಪನ್ನೂ ಮುಚ್ಚಿ ತೆರೆದ. ಅದು ತನ್ನ ಪಾಡಿಗೆ ತಾನು ಗರಗರ ತಿರುಗುತ್ತ ಹದಿನೈದು ನಿಮಿಷ ತಿಂದಿತು. ಫೋನಿನ ನೆಟ್ಟನ್ನು ಹಂಚಿ ನೋಡಿದ. ಅದೂ ಕಾಣಲಿಲ್ಲ. ಬೇರೆ ದಿನ ಅಕ್ಕಪಕ್ಕದ ಏಳೆಂಟು ಮನೆಗಳ ಹೆಸರು ಸಾಲಾಗಿ ತೋರುತ್ತಿದ್ದ ಜಾಗ ಖಾಲಿಯಾಗಿತ್ತು.

"ಎಲ್ಲಾರದೂ ಒಮ್ಮೆಲೇ ಹೋಗತೈತೇನ್ರಿ?" ಎಂದು ಆಗಲೇ ಕೇಳಿದ್ದಳು ಉಮಾಶ್ರೀ.

"ನಿನಗ ತಿಳಿಯೂದಿಲ್ಲ ಅದು. ನೀ ಏನರ ಒತ್ತೀಯೇನು?"

"ನಾ ಎಲ್ಲಿ ಒತ್ತಲಿ? ಎರಡು ದಿನಾ ಮುಟ್ಟಾಕ ಬಿಟ್ರೇನು ನೀವು?"

ಅದು ಖರೆ. ಖಂಡೇನವಮಿಗೆ ಮನೆಯಲ್ಲಿ ದುಡಿಯುವ ವಸ್ತುಗಳನ್ನೆಲ್ಲ ಪೂಜೆಗೆ ಇಡುತ್ತಿದ್ದರು. ಅಮರೇಶನ ಅಪ್ಪನ ಕಾಲದ ತಕ್ಕಡಿ, ಕುಡುಗೋಲು, ಹೊಲಿಗೆ ಯಂತ್ರ. ನಾಲ್ಕು ವರ್ಷದಿಂದ ಲ್ಯಾಪ್‌ಟಾಪೂ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿದು ಬರುವವರೆಗೆ ಮುಟ್ಟಬಾರದು ಎಂಬುದು ತಾಯಿಯ ಕಟ್ಟಳೆ. ಈ ಸಲ ಇದೊಂದನ್ನು ಬಿಡ್ರಿ, ಶುಕ್ರವಾರ ಪಾಠ ಐತಿ, ದಿನಾ ಒಮ್ಮೆ ಹಚ್ಚಿ ನೋಡಬೇಕು ಎಂದಿದ್ದಳು ಉಮಾಶ್ರೀ. ಅವ್ವ ಹೋದ ಮೊದಲ ವರ್ಷವೇ ಪದ್ಧತಿ ಬಿಡುವುದು ಬ್ಯಾಡ ಎಂದಿದ್ದ ಅವನು. ಹಾಗಿದ್ದರೆ ಒದ್ದಿ ಅರಿವಿಲೆ ಒರಸಬ್ಯಾಡ್ರಿ ಎಂದಳು. ಅವನು ಒದ್ದೆ ಬಟ್ಟೆಯಿಂದಲೇ ಒರೆಸಿದ. ಅವನು ಕೆಲಸ ಮಾಡುವ ಅಡತಿ ಅಂಗಡಿಯಲ್ಲಿ ಬಿಲ್ಲಿನ ಕಂಪ್ಯೂಟರ್ ನಿಂತರೆ ಹಮಾಲರಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ 'ಅಮರೇಶಣ್ಣಗ ಕರೀರಿ' ಎನ್ನುತ್ತಿದ್ದರು. ಅಂಥವನಿಗೆ ಲ್ಯಾಪ್‌ಟಾಪು ಒರೆಸುವುದನ್ನು ಹೆಂಡತಿ ಕಲಿಸಬೇಕೆ? ಅಂಚಿನ ಧೂಳನ್ನು ಒತ್ತಿ ಒರೆಸಿ, ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂ ಏರಿಸಿದ್ದ.

ಒರೆಸುವಾಗ ಬೆರಳಿನ ಕೆಳಗೆ ಏನೋ ಕಟಕ್ ಎಂದಿತ್ತೆ? ಈಗ ಹಾಗೆನ್ನಿಸಿತು. ಜಾವೀದ ಹೇಳಿದ್ದರಿಂದ ಹಾಗೆನ್ನಿಸುತ್ತಿರಬಹುದು.

ಉಮಾಶ್ರೀ ಸೀರೆ ಉಟ್ಟು ಬಂದಳು. ಕಂದು ಬಣ್ಣದ ಇಳಕಲ್ ಸೀರೆ. ಕೈಯಲ್ಲಿ ಹಿಟ್ಟು ಕಲಸುವ ಅಗಲವಾದ ಪರಾತ. ಅದರ ತುಂಬ ಮುಳಗಾಯಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಒಂದು ಸಣ್ಣ ಕುಂಬಳಕಾಯಿ. ಒಂದೊಂದಕ್ಕೂ ದುಂಡಗೆ ಹೆಸರು ಬರೆದ ಚೀಟಿ ಅಂಟಿಸಿದ್ದಳು. ಸಂತೆಯ ಪಾಠ. ಹಿಂದೆಯೇ ಸೊಂಟ ಹಿಡಿದುಕೊಂಡು ಮನೆಯ ಒಡತಿ ಶಿವಬಸವ್ವ ಮೆಟ್ಟಿಲು ಹತ್ತಿ ಬಂದಳು.

"ಏನವಾ, ಬಾಗಿಲಿಗೇ ಸಂತಿ ಹಚ್ಚೀದಿ? ಮುಳಗಾಯಿ ಹ್ಯಾಂಗ ಕೊಟ್ಟಿ?"

"ಸಾಲಿ ಹುಡುಗರಿಗೆ ಅಷ್ಟ ಕೊಡೂದ್ರಿ ಅಮ್ಮಾರ," ಎಂದಳು ಉಮಾಶ್ರೀ, ನಗಲು ನೋಡಿ.

"ಇನ್ನೂ ಬಂದಿಲ್ಲೇನು ನಿಮ್ಮ ನೆಟ್ಟು? ನನ್ನ ಟಿವಿ ಛಲೋ ಬಡಕೊಳ್ಳಾಕತ್ತೈತಿ, ಅದರ ವಾಯರ್ ಕಿತ್ತು ಇದಕ್ಕ ಹಚ್ಚಪಾ ಅಮರೇಶ. ನಾ ಒಂದು ದಿನಾ ಧಾರಾವಾಹಿ ನೋಡದಿದ್ರ ಸಾಯೂದಿಲ್ಲ."

"ಅದು ಬ್ಯಾರೆ, ಇದು ಬ್ಯಾರೆ ಅಮ್ಮಾರ."

"ನಿನಗೆಲ್ಲಾ ಬ್ಯಾರೆನ. ನಮ್ಮ ಮಗ ಫಕೀರೇಶ ಮಿಕ್ಸರ್ ಕೆಟ್ರೂ ಹಿಂಗ ಅಂತಿದ್ದ, ಕಡೀಕ ನೋಡಿದ್ರ ಬಟನ್ನ ಹಾಕಿರತಿದ್ದಿಲ್ಲ."

ಅಮರೇಶ ರೌಟರಿನ ತಂತಿಯನ್ನು ಇನ್ನೊಮ್ಮೆ ಕಿತ್ತು ಸಿಕ್ಕಿಸಿದ.

ಹನ್ನೊಂದೂ ಐದಕ್ಕೆ ಉಮಾಶ್ರೀಗೆ ಆಯ್ಕೆಯವರ ಫೋನು ಬಂದಿತು. ಆ ಕಡೆಯವರ ದನಿ ಕೋಣೆಗೆಲ್ಲ ಕೇಳುವಷ್ಟು ಸ್ಪಷ್ಟವಾಗಿತ್ತು. "ಮೇಡಂ, ನಿಮ್ಮ ಸರದಿ. ನೀವು ಕಾಣ್ತಾ ಇಲ್ಲ."

"ನೆಟ್ ಹೋಗೇದರಿ ಸರ್. ಐದು ನಿಮಿಷ ಕೊಡ್ರಿ."

ಆತ ಯಾರನ್ನೋ ಕೇಳಿ ಬಂದ. "ಹನ್ನೆರಡಕ್ಕೆ ಮುಗಿಸ್ತೀವಿ ಮೇಡಂ. ಅಷ್ಟರೊಳಗೆ ಬಂದ್ರೆ ಕೊನೆಯವರಾಗಿ ತಗೋತೀವಿ. ಆಮೇಲೆ ಪಟ್ಟಿ ಕಳಿಸಿಬಿಡ್ತೀವಿ, ನಮ್ಮ ಕೈಲಿ ಇರಲ್ಲ."

ಅವಳು ಫೋನಿಗೆ ಎರಡೂ ಕೈಯಿಂದ ನಮಸ್ಕಾರ ಮಾಡಿದಳು. ಜಾವೀದನಿಗೆ ಮತ್ತೆ ಹಚ್ಚಿದರೆ ಅವನು ಎತ್ತಲಿಲ್ಲ. ಹನ್ನೊಂದೂವರೆಯ ಹೊತ್ತಿಗೆ ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ. "ನಾ ಗೇಟಿಗೆ ಹೋಗಿ ನೋಡ್ತೇನ್ರಿ, ಓಣಿ ತಪ್ಪಿಸ್ಯಾನೇನೋ" ಎಂದು ಇಳಿದು ಹೋದಳು. ಶಿವಬಸವ್ವನೂ ಅವಳ ಹಿಂದೆ ಹೋದಳು.

ಅಮರೇಶ ಒಬ್ಬನೇ ಉಳಿದ. ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮುಂದಿನ ಅಂಚಿನಲ್ಲಿ, ಬಲಕ್ಕೆ, ಜೋಳದ ಕಾಳಿನಷ್ಟು ದೊಡ್ಡ ಕರಿಯ ಗುಂಡಿಯೊಂದಿತ್ತು. ಅದರ ಸಂದಿಯಲ್ಲಿ ಒದ್ದೆ ವಿಭೂತಿ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ತಳ್ಳಿದ. ಕಟಕ್. ಪಕ್ಕದಲ್ಲಿ ನೀಲಿ ದೀಪ ಹತ್ತಿತು. ಪರದೆಯ ಮೂಲೆಯಲ್ಲಿ ಅಕ್ಕಪಕ್ಕದ ಮನೆಗಳ ಹೆಸರು ಒಂದರ ಕೆಳಗೊಂದು ಬಂದವು. ಎಲ್ಲಕ್ಕಿಂತ ಮೇಲೆ ತಮ್ಮದು.

ಗಡಿಯಾರದಲ್ಲಿ ಹನ್ನೊಂದೂ ಮೂವತ್ತೈದು.

ಕರೆಯಬೇಕು ಎಂದು ಬಾಯಿ ತೆರೆದ. ಕರೆದರೆ, ಬರುತ್ತಾಳೆ. ಬಂದರೆ, ಹೆಂಗ ಬಂತ್ರಿ ಎಂದು ಕೇಳುತ್ತಾಳೆ. ಸ್ವಿಚ್ ಎಂದರೆ, ಯಾರು ಆರಿಸಿದ್ದು ಎನ್ನುವುದು ಬರುತ್ತದೆ. ಒದ್ದೆ ಅರಿವಿ, ಜಾವೀದನಿಗೆ ಹೇಳಿದ ಸುಳ್ಳು, ಇವಳಿಗೆ ಹೇಳಿದ ಇನ್ನೊಂದು. ತಾನೇ ಬಂತು ಎಂದುಬಿಡೋಣವೆ? ಅದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತಿರುವಾಗಲೇ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು, ಮಾತು ಇನ್ನೂ ಸಿದ್ಧವಾಗಿರಲಿಲ್ಲ, ಬೆರಳು ಸ್ವಿಚ್ಚನ್ನು ಹಿಂದಕ್ಕೆ ಸರಿಸಿಬಿಟ್ಟಿತು. ದೀಪ ಆರಿತು. ಅವನು ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲಿಟ್ಟ. ಅವಳು ಮತ್ತೆ ಆಚೆ ಹೋದ ಕೂಡಲೇ ಹಚ್ಚಿ, ಬಂತು ನೋಡು ಎಂದರಾಯಿತು.

ಅವಳು ಆಚೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಎದುರಿಗೇ ಕೂತಳು.

"ಸುಮ್ನ ಕುಂತ್ರ ಮರತೇ ಹೋಗತೈತಿ. ಒಮ್ಮೆ ಹೇಳ್ತೇನಿ, ನೀವ ಹುಡುಗ ಆಗ್ರಿ."

"ಈಗ್ಯಾಕ?"

"ಆಗ್ರಿ ಅಂದ್ರ. ಹಿಂದಿನ ಬೆಂಚಿನ ಹುಡುಗ ಆಗ್ರಿ, ನಿಮಗ ಅದ ಒಪ್ಪತೈತಿ."

ಅವಳು ಬೆನ್ನು ನೆಟ್ಟಗೆ ಮಾಡಿದಳು. ಮಕ್ಕಳೇ, ಇವತ್ತು ಸಂತೆಗೆ ಹೋಗೋಣವೇ ಎಂದಾಗ ಅವಳ ದನಿ ಬೇರೆಯಾಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವನು ಕೇಳಿರದ ದನಿ. ಕುಂಬಳಕಾಯಿಯನ್ನು ಎತ್ತಲಾರದೆ ಎತ್ತಿದಂತೆ ಮಾಡಿದಳು. ಮೆಣಸಿನಕಾಯಿಯನ್ನು ಕಚ್ಚಿದಂತೆ ಮಾಡಿ ಕಣ್ಣು ತಿರುಗಿಸಿದಳು. ಉಳ್ಳಾಗಡ್ಡಿ ಯಾಕೆ ಅಳಿಸುತ್ತದೆ ಗೊತ್ತೇ, ಯಾರೂ ಅದರ ಹೆಸರನ್ನು ಸರಿಯಾಗಿ ಬರೆಯುವುದಿಲ್ಲವಲ್ಲ, ಅದಕ್ಕೆ ಎಂದಳು. ಅಮರೇಶನಿಗೆ ನಗು ಬಂದೇಬಿಟ್ಟಿತು. ನಗುತ್ತಲೇ ಅವನ ಕಣ್ಣು ಟೇಬಲ್ಲಿನತ್ತ ಹೋಯಿತು. ಅವಳ ಬಲಗೈಯ ಬಳೆಗಳಿಂದ ಆ ಸ್ವಿಚ್ಚಿಗೆ ನಾಲ್ಕು ಬೆರಳಿನ ಅಂತರವಿತ್ತು. ಹನ್ನೊಂದೂ ಐವತ್ತು. ಹೇಳು, ಹೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು. ಅವನು ಹಿಂದಿನ ಬೆಂಚಿನ ಹುಡುಗನಂತೆ ಕೈ ಕಟ್ಟಿಕೊಂಡು ಕೂತಿದ್ದ. ಅವಳು ಪಾಠ ಮುಗಿಸಿ, ಪರಾತದಲ್ಲಿ ಉಳಿದದ್ದು ಏನು, ಯಾರು ಹೇಳುತ್ತೀರಿ ಎಂದು ಖಾಲಿ ಪರದೆಯನ್ನು ಕೇಳುತ್ತಿರುವಾಗ ಶಿವಬಸವ್ವನ ಟಿವಿಯಲ್ಲಿ ಹನ್ನೆರಡರ ವಾರ್ತೆ ಶುರುವಾಯಿತು.

ಜಾವೀದ ಬಂದಾಗ ಹನ್ನೆರಡೂ ಹತ್ತು. ಹೆಗಲಿಗೆ ತಂತಿಯ ಸುರುಳಿ, ಅಂಗಿಯೆಲ್ಲ ಬೆವರು. "ಕಂಬದ ಮ್ಯಾಲ ಇದ್ದೆ ವೈನಿ, ಫೋನ್ ಕೆಳಗ ಗಾಡ್ಯಾಗಿತ್ತು" ಎಂದ. ಉಮಾಶ್ರೀ ನೀರು ತರಲು ಒಳಗೆ ಹೋದಳು. ಜಾವೀದ ರೌಟರಿನ ದೀಪಗಳನ್ನು ಒಮ್ಮೆ ನೋಡಿದ. ಲ್ಯಾಪ್‌ಟಾಪನ್ನು ಎತ್ತಿ ಎದೆಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ನೀಲಿ ದೀಪ ಹತ್ತಿತು. ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ನೋಡಿ, ಆಮೇಲೆ ಅಮರೇಶನ ಮುಖವನ್ನು ನೋಡಿದ. ಅಮರೇಶ ಕಣ್ಣು ತಗ್ಗಿಸಿದ.

ಉಮಾಶ್ರೀ ತಂಬಿಗೆ ಹಿಡಿದು ಬಂದಳು. "ಬಂತೇನು? ಏನಾಗಿತ್ತು?"

ಜಾವೀದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಮರೇಶ ಹೇಳಲೆಂದು ಅವನು ತುಸು ಕಾದ ಹಾಗಿತ್ತು.

"ನಮ್ಮ ಲೈನಿನ್ಯಾಗ ಫಾಲ್ಟ್ ಇತ್ರಿ ವೈನಿ. ತಪ್ಪಾತು."

ಅವಳು ಆಯ್ಕೆಯವರಿಗೆ ಫೋನು ಹಚ್ಚಿದಳು. ಪಟ್ಟಿ ಹೋಗಿತ್ತು. ಆತ ಒಳ್ಳೆಯ ಮಾತೇ ಆಡಿದನೆಂದು ಕಾಣುತ್ತದೆ, ಉಮಾಶ್ರೀ ಎರಡು ಸಲ "ಇರ್ಲಿ ಬಿಡ್ರಿ ಸರ್" ಎಂದಳು. ಫೋನು ಇಟ್ಟು ಪರಾತದ ಮುಂದೆ ಕೂತು, ಒಂದೊಂದೇ ಚೀಟಿಯನ್ನು ಉಗುರಿನಿಂದ ಕೀಳತೊಡಗಿದಳು.

"ಅರ್ಧ ತಾಸು ಮೊದ್ಲ ಇಳದಿದ್ರ ನಿಮ್ಮ ಕಂಬ ಬೀಳತಿದ್ದಿಲ್ಲ ಜಾವೀದಣ್ಣ," ಎಂದಳು ತಲೆ ಎತ್ತದೆ.

"ಖರೆ ಐತ್ರಿ ವೈನಿ."

ಅಮರೇಶ ಅವನನ್ನು ಗೇಟಿನವರೆಗೆ ಕಳಿಸಲು ಹೋದ. "ಚಹಾ ಕುಡದು ಹೋಗೋ" ಎಂದ.

"ಬ್ಯಾಡ್ರಿ ಅಣ್ಣಾರ." ಜಾವೀದ ಗಾಡಿ ಹತ್ತಿದ. ಕಿಕ್ ಹೊಡೆಯುವ ಮೊದಲು, "ಇವತ್ತಿನದು ನಾ ಹೊತಗೊಂಡೇನಿ. ಸಂಜಿಕ ನೀವ ಹೇಳಿಬಿಡ್ರಿ, ವೈನಿ ತಿಳದಾಕಿ ಅದಾರ" ಎಂದ.

ಆ ಸಂಜೆ ಅವಳು ತಲೆನೋವೆಂದು ಬೇಗ ಮಲಗಿದಳು. ಮರುದಿನ ಅಂಗಡಿಯಲ್ಲಿ ಹತ್ತಿಯ ಹೊರೆ ಬಂದಿತ್ತು. ಅದರ ಮರುದಿನ, ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎನ್ನಿಸಿತು. ದೀಪಾವಳಿಯ ಹಿಂದಿನ ವಾರ ರೊಟ್ಟಿ ತಟ್ಟುತ್ತ ಅವಳೇ ಮಾತು ತೆಗೆದಳು. "ಆ ಜಾವೀದಂದು ಬ್ಯಾಡ್ರಿ ನಮಗ. ಬ್ಯಾರೆಯವರದು ಹಾಕಸ್ರಿ. ಅಂವನ್ನ ನೋಡಿದ್ರ ನನಗ ಹನ್ನೆರಡು ಬಡದಂಗ ಆಗತೈತಿ." ಅಮರೇಶ ಹ್ಞೂಂ ಎಂದ. ತನ್ನ ತಂತಿಯನ್ನು ಬಿಚ್ಚಿಕೊಂಡು ಹೋಗಲು ಜಾವೀದನೇ ಬಂದ. ಮಾಳಿಗೆಯ ಮೇಲೆ ನಿಂತು ಅದನ್ನು ಮೊಳಕೈಗೆ ಸುತ್ತಿಕೊಳ್ಳುತ್ತ, ಕೆಳಗೆ ನಿಂತ ಅಮರೇಶನನ್ನು ಏನೂ ಕೇಳಲಿಲ್ಲ. ಉಮಾಶ್ರೀ ಹೊರಗೆ ಬರಲಿಲ್ಲ.

ಡಿಸೆಂಬರಿನಲ್ಲಿ ಅವಳಿಗೆ ನಲವತ್ತು ತುಂಬಿತು. ಅಮರೇಶ ಅಂಗಡಿಯಿಂದ ಬರುವಾಗ ಮಲ್ಲಿಗೆ ತಂದ, ಅವಳು ಮುಡಿದುಕೊಂಡಳು, ಈ ವಯಸ್ಸಿಗೆ ಇದೇನ್ರಿ ಎಂದು ನಕ್ಕಳು. ಆ ಶುಕ್ರವಾರ ಹನ್ನೊಂದೂ ಮೂವತ್ತೈದಕ್ಕೆ ನೆಟ್ ಬಂದಿತ್ತು, ಅವಳ ಹೆಜ್ಜೆ ಕೇಳಿ ತಾನೇ ಅದನ್ನು ಆರಿಸಿದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.