ಎಂಟು ಸಾವಿರ ಇಟ್ಟಿಗೆಯ ಸ್ನಾನ

ಸಿದ್ದಮ್ಮನ ಬಾಯಿ ದೊಡ್ಡದು ಎಂದು ಊರಿಗೆಲ್ಲ ಗೊತ್ತು. ಅವಳಿಗೂ ಗೊತ್ತು. ಆದರೆ ಅರವತ್ತು ವರ್ಷ ಜೊತೆಗಿಟ್ಟುಕೊಂಡ ಬಾಯನ್ನು ಈಗ ಬದಲಾಯಿಸುವುದು ಹೇಗೆ?

ಕುಶಾಲನಗರದಿಂದ ನೆಲ್ಯಹುದಿಕೇರಿ ಕಡೆಗೆ ಹೋಗುವ ರಸ್ತೆಯ ಕೆಳಗೆ, ಗದ್ದೆ ಮುಗಿದು ಕಾಫಿ ತೋಟ ಶುರುವಾಗುವಲ್ಲಿ, ಬೇಸಿಗೆಯಲ್ಲೂ ನೀರು ನಿಲ್ಲುವ ಒಂದು ಜೇಡಿಮಣ್ಣಿನ ಗುಂಡಿ ಇದೆ. ಹಾಸನದ ಕಡೆಯಿಂದ ಬಂದ ಅವಳ ಮಾವ ಅಲ್ಲಿ ಮೊದಲ ಗುದ್ದಲಿ ಹಾಕಿದ್ದು. ಒಂದು ಕಾಲಕ್ಕೆ ಗುಂಡಿಯ ಸುತ್ತ ಹನ್ನೊಂದು ಇಟ್ಟಿಗೆ ಗೂಡುಗಳು ಉರಿಯುತ್ತಿದ್ದವು. ಸಿಮೆಂಟ್ ಬ್ಲಾಕು ಬಂದ ಮೇಲೆ ಒಂದೊಂದಾಗಿ ಆರಿ, ಈಗ ಉಳಿದಿರುವುದು ಸಿದ್ದಮ್ಮನದೊಂದೇ.

ಅದಾದರೂ ಉಳಿಯುತ್ತದೋ ಇಲ್ಲವೋ ಎಂಬುದು ಈ ಬೇಸಿಗೆಯಲ್ಲಿ ತೀರ್ಮಾನವಾಗಬೇಕಿತ್ತು. ಊರಿಗೆ ಹೊಸ ಅಂಗನವಾಡಿ ಕಟ್ಟಡ ಮಂಜೂರಾದಾಗ, ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಚಿದಾನಂದ ಗ್ರಾಮಸಭೆಯಲ್ಲಿ ಬ್ಲಾಕೇ ಆಗಲಿ, ಊರ ಇಟ್ಟಿಗೆಗೆ ಗ್ಯಾರಂಟಿ ಕೊಡುವವರು ಯಾರು ಎಂದರು. ಹಿಂದಿನ ಸಾಲಿನಿಂದ ಸಿದ್ದಮ್ಮ ಎದ್ದಳು. "ನಾನ್ ಕೊಡ್ತೀನಿ ಸಾರ್. ಒಂದ್ ಇಟ್ಟಿಗೆ ಒಡೀಲಿ, ಅವತ್ತೇ ಗೂಡು ಕೆಡವ್ತೀನಿ." ಗಂಡ ಸಣ್ಣಸ್ವಾಮಿ ಸೆರಗು ಹಿಡಿದು ಎಳೆದ. ಅಷ್ಟರಲ್ಲಿ ಮಾತು ಇಡೀ ಸಭೆಗೆ ಕೇಳಿಸಿ ಆಗಿತ್ತು.

ಸುಟ್ಟ ಮೇಲೆ ಬಂದು ಪರೀಕ್ಷಿಸುತ್ತೇನೆ ಎಂದು ಚಿದಾನಂದ ಒಪ್ಪಿದರು. ಬೇಕಾದದ್ದು ಎಂಟು ಸಾವಿರ ಇಟ್ಟಿಗೆ. ಗುಂಡಿಯಿಂದ ತೆಗೆದ ಮಣ್ಣನ್ನು ರಾಶಿ ಹಾಕಿ, ಎರಡು ತಿಂಗಳು ಬಿಸಿಲಿಗೂ ಇಬ್ಬನಿಗೂ ಬಿಟ್ಟು, ಹದ ಬಂದ ಮೇಲೆ ತುಳಿಯುವುದು ಆ ಮನೆಯ ಪದ್ಧತಿ. ರಾಶಿಗೆ ಸಿದ್ದಮ್ಮ ಪಕ್ಕದ ಎಸ್ಟೇಟಿನ ಬೇಲಿಯಂಚಿನ ಸಮತಟ್ಟು ಜಾಗ ಆರಿಸಿದಳು.

"ಅತ್ತೆ, ಹೋದ್ ವರ್ಷ ಅಲ್ಲೇ ಅಲ್ವಾ ತೋಟಕ್ಕೆ ಹಾಕೋ ಸುಣ್ಣ ಇಳಿಸಿದ್ದು?" ಎಂದಳು ಸೊಸೆ ಉಷಾರಾಣಿ.

"ಗುಡಿಸಿದ್ರೆ ಹೋಯ್ತು. ಮಣ್ಣಿನ್ ವಿಷ್ಯ ನಂಗೇ ಹೇಳ್ಕೊಡಕ್ ಬರ್ಬೇಡ ಕಣೆ."

ತುಳಿಯುವ ಮೊದಲು ಚಿಟಿಕೆ ಮಣ್ಣನ್ನು ಬಾಯಿಗೆ ಹಾಕಿ, ಹಲ್ಲಿನ ನಡುವೆ ಅರೆದು ನೋಡುವುದು ಸಿದ್ದಮ್ಮನ ಪರೀಕ್ಷೆ. ಸಾಸಿವೆಯಷ್ಟು ಹರಳಿದ್ದರೂ ಸಿಕ್ಕಿಬೀಳುತ್ತಿತ್ತು. ಆದರೆ ಆ ವಾರವಷ್ಟೇ ಅವಳು ಗೋಣಿಕೊಪ್ಪಲಿಗೆ ಹೋಗಿ ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡು ಬಂದಿದ್ದಳು. ಮುತ್ತಿನಂಥ ಹಲ್ಲಿಗೆ ಮಣ್ಣು ತಿನ್ನಿಸಲು ಮನಸ್ಸು ಬರಲಿಲ್ಲ. ಬೆರಳಲ್ಲಿ ಹಿಸುಕಿ, ಸರಿಯಾಗಿದೆ ಎಂದುಬಿಟ್ಟಳು.

ಅಚ್ಚಿನಲ್ಲಿ ಇಟ್ಟಿಗೆ ಕೊಯ್ದದ್ದಾಯಿತು, ಒಣಗಿಸಿ ಗೂಡು ಕಟ್ಟಿ ಸಿಲ್ವರ್ ಮರದ ಸೌದೆಯಲ್ಲಿ ಸುಟ್ಟದ್ದೂ ಆಯಿತು. ಗೂಡು ಆರುತ್ತಿರುವಾಗಲೇ ಮೇಲಿನ ಸಾಲಿನಿಂದ ಎರಡು ತೆಗೆದು ಒಂದಕ್ಕೊಂದು ಬಡಿದಳು. ಠಣ್ ಎಂದವು. ದಾರಿಹೋಕರು ನೋಡಲಿ ಎಂದು ಅವನ್ನು ಬೇಲಿಗಲ್ಲಿನ ಮೇಲೆ ಇಟ್ಟಳು. ಆ ಸಂಜೆ ಹೂಮಳೆ ಬಂತು. ಮೊಗ್ಗು ಅರಳಲು ಕಾಯುತ್ತಿದ್ದ ಕಾಫಿಯವರೆಲ್ಲ ಆಕಾಶಕ್ಕೆ ಕೈ ಮುಗಿದರು.

ಬೆಳಿಗ್ಗೆ ನೋಡಿದರೆ ಎರಡೂ ಇಟ್ಟಿಗೆಗಳ ಮೈ ಸಿಡಿದಿತ್ತು. ಚಕ್ಕೆ ಎದ್ದ ಪ್ರತಿಯೊಂದು ಗುಳಿಯ ತಳದಲ್ಲೂ ಬಿಳಿ ಚುಕ್ಕೆ. ಸಿದ್ದಮ್ಮ ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದಳು. ಚುರ್ ಎಂದಿತು. ಸುಣ್ಣ. ತಗಡಿನ ಮಾಡಿನ ಕೆಳಗೆ ನೆನೆಯದೆ ಗೂಡಿನೊಳಗಿದ್ದ ಎಂಟು ಸಾವಿರವೂ ಅದೇ ಮಣ್ಣಿನವು. ಚಿದಾನಂದ ಬರುವುದಕ್ಕೆ ಮೂರೇ ದಿನ.

"ಸುಮ್ನೆ ಲೋಡ್ ಮಾಡಿ ಕಳಿಸ್ಬುಡನ," ಎಂದ ಸಣ್ಣಸ್ವಾಮಿ ಮೆಲ್ಲಗೆ. "ಗಾರೆ ಮೆತ್ತಿದ್ಮೇಲೆ ಯಾರಿಗ್ ಕಾಣ್ತದೆ?"

"ಮೊದಲ್ನೇ ಮಳೆಗೆ ಗಾರೆ ಸಮೇತ ಸಿಡೀತದೆ. ಆ ಗೋಡೆಗೆ ಮಕ್ಕಳು ಒರಗಿ ಕೂತ್ಕತವೆ ಕಣಪ್ಪ. ಬ್ಯಾಡ."

ಸಿದ್ದಮ್ಮ ಗೂಡಿನ ಎದುರು ಕೂತೇ ಇದ್ದಳು. ಊಟಕ್ಕೆ ಕರೆದರೆ ಏಳಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು, ಈ ತಪ್ಪು ಪೂರ್ತಿಯಾಗಿ ತನ್ನದೇ ಎಂಬುದು. ಮಧ್ಯಾಹ್ನ ಅಭ್ಯಾಸಬಲದಿಂದ ಎಲೆ ಅಡಿಕೆಗೆ ಕೈ ಹಾಕಿದವಳು, ಬೆರಳಲ್ಲಿ ಸುಣ್ಣ ತೆಗೆದುಕೊಂಡು ಅದನ್ನೇ ನೋಡಿದಳು. ಎಲೆಗೆ ಹಚ್ಚುವ ಸುಣ್ಣವನ್ನು ಅವಳು ಮನೆಯಲ್ಲೇ ಬೇಯಿಸುತ್ತಿದ್ದಳು. ಸುಟ್ಟ ಸುಣ್ಣದ ಹರಳಿಗೆ ಒಂದಿಷ್ಟು ನೀರು ಚಿಮುಕಿಸಿದರೆ ಅದು ಉಬ್ಬಿ ಬಿರಿಯುತ್ತದೆ. ಅದನ್ನೇ ನೀರು ತುಂಬಿದ ಮಡಕೆಗೆ ಹಾಕಿದರೆ ಗಲಾಟೆಯಿಲ್ಲದೆ ಹಾಲಾಗಿ ಕರಗುತ್ತದೆ. ಹೂಮಳೆ ಇಟ್ಟಿಗೆಗೆ ನೀರು ಚಿಮುಕಿಸಿತ್ತು ಅಷ್ಟೇ, ಮುಳುಗಿಸಿರಲಿಲ್ಲ.

ಸಿದ್ದಮ್ಮ ಎದ್ದಳು. "ಉಷಾ, ಕೈಗೆ ಸುತ್ಕಳಕ್ಕೆ ಗೋಣಿಚೀಲ ತಗಂಬಾ. ಇಟ್ಟಿಗೆ ಬಿಸಿ ಇರೋವಾಗ್ಲೇ ಗುಂಡಿ ನೀರಿಗೆ ಹಾಕನ. ಎಲ್ಲಾನೂವೆ."

ಉಷಾರಾಣಿ ಕಣ್ಣರಳಿಸಿದಳು. ಸಿದ್ದಮ್ಮ ಅವಳ ಹತ್ತಿರ ಬಂದು ಹೇಳಿದಳು, "ಸುಣ್ಣದ್ ವಿಷ್ಯ ನೀನ್ ಹೇಳಿದ್ದೇ ಸರಿ. ತಪ್ಪು ನಂದು ಕಣವ್ವ." ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಉಷಾರಾಣಿ ಈ ಮಾತು ಕೇಳಿದ್ದು ಅದೇ ಮೊದಲು. ಅವಳು ಸೆರಗು ಸಿಕ್ಕಿಸಿಕೊಂಡು ಗೂಡು ಹತ್ತಿದಳು.

ಬೇಲಿಯಾಚೆ ಎಸ್ಟೇಟಿನ ಮಾಲೀಕ ದೇರಪ್ಪ ಜೀಪು ನಿಲ್ಲಿಸಿದರು. ಹೂಮಳೆಯ ಸಂತೋಷ ಇನ್ನೂ ಇಳಿದಿರಲಿಲ್ಲ. "ಏನ್ ಸಿದ್ದಮ್ಮ, ಇಟ್ಟಿಗೆಗೆ ಸ್ನಾನನಾ? ಎಣ್ಣೆ ಹಚ್ಚಿ ಆಯ್ತಾ?"

"ಸುಣ್ಣ ನಿಮ್ದು ಸಾವ್ಕಾರ್ರೆ, ಸೊಕ್ಕು ನಂದು. ಎರಡನ್ನೂ ತೊಳೀತಾ ಇದೀನಿ."

ವಿಷಯ ಕೇಳಿದ ದೇರಪ್ಪ ನಗು ನಿಲ್ಲಿಸಿ, ತೋಟದ ಕೂಲಿಗಳ ಲೈನ್ ಮನೆಗಳಿಂದ ಆರು ಆಳುಗಳನ್ನು ಕಳಿಸಿದರು. ಕೈಯಿಂದ ಕೈಗೆ ಸಾಗಿದ ಇಟ್ಟಿಗೆಗಳು ಬುಸ್ ಎನ್ನುತ್ತ ಮುಳುಗಿದವು. ಗುಂಡಿಯ ನೀರು ಮೊದಲು ಕದಡಿತು, ಆಮೇಲೆ ಅಂಚಿನಲ್ಲಿ ಮಜ್ಜಿಗೆಯಂತೆ ಬೆಳ್ಳಗಾಗುತ್ತ ಬಂತು. ಅದನ್ನು ನೋಡಿ ಸಿದ್ದಮ್ಮನಿಗೆ ಅಳು ಬಂತು. ಅಳುತ್ತಲೇ ಇನ್ನೊಂದು ಸಾಲು ಇಳಿಸಿದಳು.

ಮೂರನೆಯ ದಿನ ಚಿದಾನಂದ ಬಂದಾಗ ಇಟ್ಟಿಗೆಗಳು ದಡದಲ್ಲಿ ಆರುತ್ತಿದ್ದವು. ಸಣ್ಣಸ್ವಾಮಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಂತೆಯೇ ಸಿದ್ದಮ್ಮ ಎಲ್ಲವನ್ನೂ ಹೇಳಿದಳು. "ಇದ್ರೊಳಗೆ ಸುಣ್ಣ ಐತೆ ಸಾರ್. ಸತ್ತೈತೋ ಬದುಕೈತೋ ನೀವೇ ನೋಡಿ."

ಚಿದಾನಂದ ರಾಶಿಯ ನಡುವಿನಿಂದ ತಾವೇ ಇಪ್ಪತ್ತು ಇಟ್ಟಿಗೆ ಆರಿಸಿ, ಗುರುತು ಹಾಕಿ, ಡ್ರಮ್ಮಿನ ನೀರಿನಲ್ಲಿ ಒಂದು ದಿನ ನೆನೆಹಾಕಿಸಿದರು. ಮರುದಿನ ತೆಗೆದು ಬಿಸಿಲಿಗಿಟ್ಟು, ಮೇಲೆ ನೀರು ಚಿಮುಕಿಸಿ, ಸಂಜೆಯವರೆಗೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಕೆಲಸ ಬಿಟ್ಟು ಊರಿನ ಅರ್ಧ ಜನ ಬಂದು ನಿಂತಿದ್ದರು.

ಒಂದೂ ಸಿಡಿಯಲಿಲ್ಲ.

ಚಿದಾನಂದ ಎದ್ದು ಒಂದು ಇಟ್ಟಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿ ನೆಲಕ್ಕೆ ಬಿಟ್ಟರು. ಅದು ಮಗ್ಗುಲು ಮಗುಚಿ ಇಡಿಯಾಗಿ ಬಿದ್ದುಕೊಂಡಿತು. ಅದನ್ನು ಎತ್ತಿ, ಧೂಳು ಒರೆಸಿ, ಸಿದ್ದಮ್ಮನ ಕೈಗೇ ಕೊಟ್ಟರು. "ಲೋಡ್ ಮಾಡ್ಸಿ ಅಮ್ಮ. ಇದು ಮುಗಿದ ಮೇಲೆ ಕಾಂಪೌಂಡ್ ಗೋಡೆಗೂ ನಿಮ್ಮ ಇಟ್ಟಿಗೆನೇ ಬೇಕು."

ಯಾರೋ ಶಿಳ್ಳೆ ಹೊಡೆದರು. ಸಣ್ಣಸ್ವಾಮಿ ಎಲ್ಲರಿಗಿಂತ ಜೋರಾಗಿ ನಕ್ಕು, ತಾನು ಮೊದಲಿನಿಂದಲೂ ಹೀಗೇ ಆಗುತ್ತದೆ ಎಂದಿದ್ದೆ ಎಂದು ಪಕ್ಕದವರಿಗೆ ಹೇಳತೊಡಗಿದ.

ಮಾರನೆಯ ಬೆಳಿಗ್ಗೆ ಟ್ರ್ಯಾಕ್ಟರಿಗೆ ಮೊದಲ ಲೋಡು ತುಂಬಿತು. ಅಂಗನವಾಡಿ ಜಾಗಕ್ಕೆ ನಡೆದರೆ ಹತ್ತು ನಿಮಿಷದ ದಾರಿ. ಸಿದ್ದಮ್ಮ ನಡೆಯಲಿಲ್ಲ. ಸೀರೆ ಎತ್ತಿಕಟ್ಟಿ ಟ್ರೈಲರ್ ಹತ್ತಿ, ಸೊಸೆಗೂ ಕೈ ಕೊಟ್ಟು ಮೇಲೆ ಎಳೆದುಕೊಂಡಳು. ಅತ್ತೆ ಸೊಸೆ ಇಬ್ಬರೂ ಕೆಂಪು ಇಟ್ಟಿಗೆಯ ಮೇಲೆ ಕಾಲು ನೀಡಿ ಕೂತರು. "ಬೈಪಾಸಲ್ ಬ್ಯಾಡ," ಎಂದು ಅವಳು ಡ್ರೈವರಿಗೆ ಕೂಗಿ ಹೇಳಿದಳು, "ಊರೊಳಗೇ ಹೋಗು. ನಿಧಾನಕ್ಕೆ."