ಬಗ್ಗಿ ನಿಂತ ಗ್ರೇಡಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹಾಲ್ವರ್ ಊರಿನ ಕಾಲೇಜಿನಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಗ್ರೇಡಿ ಕುಚೆರಾ ನಾಲ್ಕು ವರ್ಷದಿಂದ ಆಡುತ್ತಿದ್ದ. ಆಡುತ್ತಿದ್ದ ಎನ್ನುವುದಕ್ಕಿಂತ ಬಗ್ಗುತ್ತಿದ್ದ ಎನ್ನುವುದೇ ಸರಿ. ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಿನವನ ಕೈಗೆ ದಾಟಿಸಿ, ಎದುರಿನಿಂದ ಗೂಳಿಗಳಂತೆ ನುಗ್ಗುವವರಿಗೆ ಮೈಯೊಡ್ಡುವುದು ಅವನ ಕೆಲಸ. ಚೆಂಡಿನ ಜೊತೆಗೆ ಹೆಸರೂ ಹಿಂದಿನವನ ಕೈಗೇ ಹೋಗುತ್ತಿತ್ತು.

ಇದು ಅವನ ಅಜ್ಜಿ ಆರ್ಲೀನಳನ್ನು ಒಳಗೊಳಗೇ ಕೊರೆಯುತ್ತಿತ್ತು. ಹುಡುಗನನ್ನು ಸಾಕಿದವಳು ಅವಳೇ. ಕಾಲೇಜಿನ ಆಟಗಾರರೂ ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಲ್ಲಿ ದುಡಿಯಬಹುದು ಎಂದು ನಿಯಮ ಬದಲಾದ ಮೇಲೆ ಊರಿನ ಗೋಡೆಗಳ ತುಂಬ ಹುಡುಗರ ಹಲ್ಲುಗಳೇ. ಚೆಂಡೆಸೆಯುವವನು ಕಾರಿನ ಅಂಗಡಿಯ ಮೇಲೆ ನಗುತ್ತಿದ್ದ. ವಾಲಿಬಾಲ್ ಆಡುವ ಹುಡುಗಿ ಶಾಂಪೂ ಹಿಡಿದು ನಿಂತಿದ್ದಳು. ಗ್ರೇಡಿಯನ್ನು ಕೇಳಿದವರೇ ಇಲ್ಲ. ಚರ್ಚಿನ ಹೆಂಗಸರಂತೂ ಅವನು ಪಕ್ಕದ ಮೇಜಿನಲ್ಲೇ ಕೂತು ತಿನ್ನುತ್ತಿರುವಾಗ, "ಆರ್ಲೀನ್, ನಿನ್ನ ಮೊಮ್ಮಗ ಇನ್ನೂ ಆಡ್ತಿದಾನಾ, ಬಿಟ್ನಾ?" ಎಂದಿದ್ದರು. ಈ ವರ್ಷ ಕಳೆದರೆ ಅವನ ಓದೂ ಮುಗಿಯುತ್ತದೆ, ಆಟವೂ ಮುಗಿಯುತ್ತದೆ. ಅಷ್ಟರೊಳಗೆ ಒಂದೇ ಒಂದು ಸಲ ಈ ಊರು ತನ್ನ ಮೊಮ್ಮಗನನ್ನು ಕಂಡು ಇವನು ಇಂಥವನು ಎನ್ನಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಅದಕ್ಕೇ ಡ್ವೈಟ್ ಹೋಲಬ್‌ನ ಬೆನ್ನು ಹತ್ತಿದಳು. ಅವಳ ಜೊತೆ ಶಾಲೆಯಲ್ಲಿ ಓದಿದವನು, ದಪ್ಪ ಗಂಡಸರಿಗೆಂದೇ ಪ್ಯಾಂಟು ಮಾರುವ ಅಂಗಡಿಯವನು.

"ಊರಲ್ಲಿ ನಿನ್ನ ಪ್ಯಾಂಟು ತುಂಬೋನು ನಮ್ಮ ಹುಡುಗ ಒಬ್ಬನೇ ಕಣೋ. ಹೆದ್ದಾರಿ ಬೋರ್ಡಿಗೆ ಅವನನ್ನ ಹಾಕು."

ಒಂದು ತಿಂಗಳು ಕಾಡಿಸಿಕೊಂಡ ಮೇಲೆ ಹೋಲಬ್ ಒಪ್ಪಿದ. ಒಪ್ಪಂದದ ಕಾಗದ ಕಾಲೇಜಿನಲ್ಲಿ ನಿಯಮ ನೋಡಿಕೊಳ್ಳುವ ಆಕರ್‌ಮನ್ ಮೇಡಂ ಕೈಸೇರಿತು. ಆಕೆ ಹೇಳಿದ್ದು ಚುಟುಕಾಗಿ: ಕಾಲೇಜಿನ ಅಂಗಿ, ಗುರುತು, ಬಣ್ಣ, ಮೈದಾನ ಯಾವುದೂ ಚಿತ್ರದಲ್ಲಿ ಇಣುಕಬಾರದು. ಮಾಡಿದ ಕೆಲಸಕ್ಕೆ ದುಡ್ಡು ಕೊಡಬಹುದು, ಗೆದ್ದದ್ದಕ್ಕೆ ಕೊಡಬಾರದು.

ಹಾಗಾಗಿ ಗ್ರೇಡಿ ಕಂದು ಪ್ಯಾಂಟು, ಬಿಳಿ ಅಂಗಿ ತೊಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಕ್ಯಾಮೆರಾದ ಮುಂದೆ ನಿಂತ. ಹೋಲಬ್ ಆ ಚಿತ್ರವನ್ನು ಆಳೆತ್ತರಕ್ಕೆ ಮಾಡಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ. ಅಂದು ಶುಕ್ರವಾರ, ಮರುದಿನದ ಆಟಕ್ಕೆ ಸುತ್ತಲಿನ ಊರುಗಳ ಜನವೆಲ್ಲ ಬಂದು ಅಂಗಡಿ ಗಿಜಿಗುಡುತ್ತಿತ್ತು.

"ಇವನು ಯಾರು ಹೇಳಿ ನೋಡೋಣ?" ಎಂದು ಹೋಲಬ್ ಬಂದವರನ್ನೆಲ್ಲ ಕೇಳಿದ.

"ಹೊಸ ಪಾದ್ರಿನಾ?"

"ನಿಮ್ಮ ಅಳಿಯ ಅಲ್ವಾ? ಪಾಪ, ಚೆನ್ನಾಗಿ ಊಟ ಹಾಕ್ತೀರಿ."

"ಫ್ರಿಜ್ ರಿಪೇರಿ ಮಾಡೋನು. ನಮ್ಮನೆಗೆ ಬರ್ತೀನಿ ಅಂತ ಹೇಳಿ ಕೈ ಕೊಟ್ಟೋನು ಇವನೇ!"

ಗ್ರೇಡಿ ಎರಡು ಮಾರು ದೂರದಲ್ಲೇ ಸಾಕ್ಸುಗಳ ಹಿಂದೆ ಮರೆಯಾಗಲು ಹೆಣಗುತ್ತಿದ್ದ. ಅಂಥ ಮೈಯನ್ನು ಮರೆಮಾಡುವಷ್ಟು ಸಾಕ್ಸು ಆ ಅಂಗಡಿಯಲ್ಲಿರಲಿಲ್ಲ.

ಹೋಲಬ್ ಆರ್ಲೀನಳನ್ನು ಪಕ್ಕಕ್ಕೆ ಕರೆದ. "ತಪ್ಪು ತಿಳ್ಕೋಬೇಡ ಕಣೆ. ಹುಡುಗ ಬಂಗಾರ. ಆದ್ರೆ ಯಾರೂ ಗುರುತು ಹಿಡೀದೆ ಇರೋ ಮುಖಕ್ಕೆ ಬೋರ್ಡ್ ಯಾಕೆ ಹಾಕಿಸ್ಲಿ? ತಂಡದ ಅಂಗಿ ಹಾಕಿಸೋಣ ಅಂದ್ರೆ ಆ ಮೇಡಂ ಬಿಡಲ್ಲ."

"ಒಂದು ವಾರ ಇಟ್ಟು ನೋಡೋ."

"ಅಷ್ಟರಲ್ಲಿ ಅವನು ಊರಿನ ಫ್ರಿಜ್ಜೆಲ್ಲ ರಿಪೇರಿ ಮಾಡ್ಬೇಕಾಗುತ್ತೆ."

ಆರ್ಲೀನಳಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೋಟು ಹಾಕಿಕೊಂಡು, "ನಡಿಯಪ್ಪಾ ಹೋಗೋಣ" ಎಂದಳು.

"ಬಿಡಜ್ಜಿ," ಎಂದ ಗ್ರೇಡಿ. "ಇಷ್ಟು ದಿನ ಇಲ್ದೆ ನಡೆದಿಲ್ವಾ?" ಅವಳ ಮುಖವನ್ನು ಮಾತ್ರ ನೋಡಲಿಲ್ಲ.

ಬಾಗಿಲಲ್ಲಿ ಬೂಟುಗಳ ದೊಡ್ಡ ಪೆಟ್ಟಿಗೆಯೊಂದು ದಾರಿಗಡ್ಡವಾಗಿ ಕೂತಿತ್ತು. ಜನ ಅದನ್ನು ಎಡವುತ್ತ, ಬೈಯುತ್ತ ದಾಟುತ್ತಿದ್ದರು. ಅದನ್ನು ಸರಿಸಲೆಂದು ಗ್ರೇಡಿ ಅಂಗಡಿಗೆ ಬೆನ್ನು ಮಾಡಿ ಅದರ ಮುಂದೆ ನಿಂತ. ಕಾಲು ಅಗಲಿಸಿದ. ಸೊಂಟವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕುಲುಕಿಸಿ, ಮಲಗಲು ಜಾಗ ನೋಡುವ ಹಸುವಿನಂತೆ ನಿಧಾನವಾಗಿ ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟ.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಗ್ರೇಡಿ!" ಎಂದು ಹಿಂದಿನಿಂದ ಒಂದು ಹೆಣ್ಣುದನಿ ಚೀರಿತು. "ಅಯ್ಯೋ, ಇದು ನಮ್ಮ ಗ್ರೇಡಿ ಕುಚೆರಾ ಕಣ್ರೀ!"

"ಹೌದಲ್ರೀ! ಅದೇ ಕುಲುಕಾಟ!"

"ಗೋಲುಕಂಬದ ಹಿಂದೆ ಕೂತು ನಾಲ್ಕು ವರ್ಷ ಇದನ್ನೇ ನೋಡಿದೀನಿ," ಎಂದು ಆ ಹೆಂಗಸು ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಸಂತೇಲಿ ನಮ್ಮೆಜಮಾನರ ಅಂಡು ಗುರುತು ಸಿಗದಿದ್ರೂ ಇದು ಸಿಗುತ್ತೆ!"

"ಸಂತೇಲಿ ನಾನ್ಯಾಕೆ ಬಗ್ಲಿ?" ಎಂದ ಅವಳ ಗಂಡ.

ಗ್ರೇಡಿ ಪೆಟ್ಟಿಗೆಯನ್ನೆತ್ತಿ ತಿರುಗಿದ. ಮುಖ ಬೀಟ್‌ರೂಟಿನಂತಾಗಿತ್ತು. ಅವನ ಮುಖವನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು. ಆ ಹೆಂಗಸು ಅವನ ಗಲ್ಲ ಹಿಂಡಿ, "ಅಯ್ಯೋ, ಮುಖಾನೂ ಚೆನ್ನಾಗೇ ಇದೆಯಲ್ಲೋ ಮಗನೇ!" ಎಂದಳು.

ಹೋಲಬ್ ಆಗಲೇ ಆಕರ್‌ಮನ್ ಮೇಡಂಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದ. "ಮೇಡಂ, ಚಿತ್ರ ಹಿಂದಿನಿಂದ ತೆಗೆದ್ರೆ ಆಗುತ್ತಾ?"

"ಯಾವುದರ ಹಿಂದಿನಿಂದ?"

"ಹುಡುಗನ ಹಿಂದಿನಿಂದ. ಬಗ್ಗಿದಾಗ."

ಆಕರ್‌ಮನ್ ಮೇಡಂ ಕೇಳಿದರು: "ಪ್ಯಾಂಟು ಯಾರದು?"

"ನಂದು. ಅಂದ್ರೆ, ನಮ್ಮ ಅಂಗಡೀದು."

"ಕೈಯಲ್ಲಿ ಚೆಂಡು? ಅದರ ಮೇಲೆ ಕಾಲೇಜಿನ ಗುರುತಿರುತ್ತೆ."

ಹೋಲಬ್ ಸುತ್ತ ನೋಡಿದ. ಅಕ್ಟೋಬರ್ ತಿಂಗಳಲ್ಲವೇ, ಕಿಟಕಿಯಲ್ಲಿ ಅಲಂಕಾರಕ್ಕಿಟ್ಟ ಕುಂಬಳಕಾಯಿ ಕಂಡಿತು. "ಕುಂಬಳಕಾಯಿ ಕೊಡ್ತೀವಿ."

"ಬಣ್ಣ?"

"ಕುಂಬಳಕಾಯಿ ಬಣ್ಣಾನೇ ಮೇಡಂ."

"ಕೆಂಪು ಅಲ್ವಲ್ಲ? ಕೆಂಪು ನಮ್ಮದು." ಕಾಗದ ಮಗುಚುವ ಸದ್ದು ಕೇಳಿತು. "ಗುರುತು, ಅಂಗಿ, ಬಣ್ಣ, ಮೈದಾನ... ನೀವು ಹೇಳಿದ ಭಾಗದ ಮೇಲೆ ಕಾಲೇಜಿಗೆ ಯಾವ ಹಕ್ಕೂ ಇದ್ದ ಹಾಗಿಲ್ಲ. ಅದು ಅವನ ಸ್ವಂತದ್ದು."

ಅಂಗಡಿ ಹೋ ಎಂದಿತು. ಆ ಉಬ್ಬಿನಲ್ಲಿ ಹೋಲಬ್, "ನಾಳೆ ಗೆದ್ರೆ ಇನ್ನೆರಡು ಪ್ಯಾಂಟು ಜಾಸ್ತಿ!" ಎಂದುಬಿಟ್ಟ.

"ಮಿಸ್ಟರ್ ಹೋಲಬ್! ನಾನಿನ್ನೂ ಲೈನಲ್ಲಿದೀನಿ."

"ಸೋತ್ರೂ ಕೊಡ್ತೀನಿ ಮೇಡಂ!"

"ಹಾಗಾದ್ರೆ ಅದನ್ನೂ ಒಪ್ಪಂದದಲ್ಲಿ ಬರೆದು ಕಳಿಸಿ. ಅಂದ ಹಾಗೆ, ಆ ಹುಡುಗನನ್ನ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಎಲ್ಲರೂ ಗ್ರೇಡಿಯತ್ತ ತಿರುಗಿದರು. ಆರ್ಲೀನ್ ಅವನ ತೋಳು ಹಿಡಿದು ಮೆಲ್ಲಗೆ, "ನಾಚಿಕೆ ಆದ್ರೆ ಬೇಡ ಕಣಪ್ಪ," ಎಂದಳು. "ನನಗೋಸ್ಕರ ಒಪ್ಕೋಬೇಡ. ನಿಜವಾಗ್ಲೂ."

ಗ್ರೇಡಿ ಪೆಟ್ಟಿಗೆಯನ್ನು ಕೆಳಗಿಟ್ಟ. "ಅಜ್ಜಿ, ಎದುರು ತಂಡದೋರು ನನ್ನ ಮುಖ ನೋಡಿದಾರೆ, ಅದಕ್ಕೆ ಮಣ್ಣೂ ಎರಚಿದಾರೆ. ನಮ್ಮೋರು ನೋಡಿರೋದು ಇದೊಂದನ್ನೇ. ನೋಡಿ ಇಷ್ಟಪಟ್ಟಿದಾರೆ ಅಂತ ಇವತ್ತೇ ಗೊತ್ತಾಗಿದ್ದು." ಆಮೇಲೆ ಹೋಲಬ್‌ನ ಕಡೆ ನೋಡಿ ಹಲ್ಲು ಕಿರಿದ. "ಹೆಸರು ಮಾತ್ರ ದೊಡ್ಡಕ್ಷರದಲ್ಲಿ ಹಾಕಿ ಸರ್."

ಎರಡು ವಾರದಲ್ಲಿ ಬೋರ್ಡು ಎದ್ದಿತು. ಮೋಡವಿಲ್ಲದ ಆಕಾಶದ ಕೆಳಗೆ ಕಂದು ಬಟ್ಟೆಯ ಭವ್ಯವಾದ ಗುಡ್ಡ, ಅದರಡಿಯಲ್ಲಿ ಒಂದು ಕುಂಬಳಕಾಯಿ, ಮೇಲೆ ಬಾಗಿಲಿನಷ್ಟೆತ್ತರದ ಅಕ್ಷರಗಳಲ್ಲಿ ಗ್ರೇಡಿ ಕುಚೆರಾ. ಲಾರಿಯವರು ಹಾರ್ನು ಹೊಡೆದುಕೊಂಡು ಹೋದರು. ಚರ್ಚಿನ ಹೆಂಗಸರು ಇಂಥದ್ದೆಲ್ಲ ನೋಡಬಾರದಮ್ಮ ಎನ್ನುತ್ತಲೇ ಬೋರ್ಡಿನ ಮುಂದಿನ ದಾರಿಯಲ್ಲೇ ಸುತ್ತಿಕೊಂಡು ಮನೆಗೆ ಹೋದರು.

ಆ ಶನಿವಾರ ಆರ್ಲೀನ್ ಎಂದಿನಂತೆ ಗೋಲುಕಂಬದ ಹಿಂದೆ ಕೂತಳು. ತಂಡ ಸಾಲುಗಟ್ಟಿತು. ಗ್ರೇಡಿ ಕಾಲು ಅಗಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಲುಕಿಸಿ ಬಗ್ಗಿದ್ದೇ ತಡ, ಆ ಕಡೆಯ ಜನವೆಲ್ಲ ಎದ್ದು "ಗ್ರೇ-ಡಿ! ಗ್ರೇ-ಡಿ!" ಎಂದು ಕೂಗಿತು. ಚೆಂಡಿಗೆ ಕೈ ಮುಟ್ಟಿದ ಮೇಲೆ ಅವನು ಅಲುಗುವಂತಿಲ್ಲ, ಅಲುಗಿದರೆ ತಂಡಕ್ಕೆ ದಂಡ. ನಗಬೇಡ ಕಂದಾ, ನಗಬೇಡ ಎಂದು ಆರ್ಲೀನ್ ಕೈ ಹಿಸುಕಿಕೊಂಡಳು.

ಅವನು ಬಂಡೆಯಂತಿದ್ದ. ಚೆಂಡು ಹಿಂದಕ್ಕೆ ಹೋಯಿತು. ಎದುರಿನವನನ್ನು ಎದೆಗವುಚಿಕೊಂಡು ಐದಾರು ಮಾರು ನೂಕಿ ನೆಲಕ್ಕೊರಗಿಸಿದ, ಹಿಂದಿನವನು ಆ ಸಂದಿಯಿಂದ ನುಸುಳಿ ಓಡಿದ. ಸೀಟಿ ಊದಿದ ಮೇಲೆ ಗ್ರೇಡಿ ಎದ್ದು, ಗೋಲುಕಂಬದ ಕಡೆಗೆ ಪೂರ್ತಿ ತಿರುಗಿ, ಎರಡೂ ಕೈ ಮೇಲೆತ್ತಿದ. ಶಿರಸ್ತ್ರಾಣದ ಕಂಬಿಗಳ ಹಿಂದೆ ಅವನ ಹಲ್ಲು ಅಷ್ಟು ದೂರಕ್ಕೂ ಕಂಡಿತು.

ಮುಂದಿನ ಸಾಲಿನವನೊಬ್ಬ ಹಿಂದಕ್ಕೆ ತಿರುಗಿ, "ಇವರು ಅವನ ಅಜ್ಜಿಯಂತೆ" ಎಂದು ಪಕ್ಕದವನಿಗೆ ತೋರಿಸಿದ.

"ಅಂತೆ ಅಲ್ಲಪ್ಪ," ಎಂದಳು ಆರ್ಲೀನ್, "ಹೌದು."

ಯಾರೋ ಚಿಲಿ ಎಂಬ ಕಾಳು-ಮಾಂಸದ ಬಿಸಿ ಸಾರಿನ ಬಟ್ಟಲನ್ನೂ ದಾಲ್ಚಿನ್ನಿಯ ಸಿಹಿ ರೋಲನ್ನೂ ಕೈಯಿಂದ ಕೈಗೆ ದಾಟಿಸಿ ಅವಳವರೆಗೆ ಕಳಿಸಿದರು. ಅವಳು ಬೇಡ ಎನ್ನಲಿಲ್ಲ.